ಪ್ಲಾನ್ ಫ್ರೀಜ್ ಮಾಡಿದ ಮೇಲೂ ಬುಧವಾರ ಹೊತ್ತಿಗೆ ಬದಲಾಗಿರುತ್ತೆ. ಬದಲಿಸಿದ್ದು ಯಾರು ಅಂತ ಹಿಡಿಯೋದು ಹೇಗೆ?

ಪೀಣ್ಯ_ಪ್ಲಾನರ್:
ಎಲ್ಲರಿಗೂ ನಮಸ್ಕಾರ. ನಮ್ಮದು ಪೀಣ್ಯದಲ್ಲಿ ಮೆಷಿನಿಂಗ್ ಕಂಪನಿ. ಗೇರ್‌ಬಾಕ್ಸ್ ಹೌಸಿಂಗ್, ಬ್ರಾಕೆಟ್, ಪಂಪ್ ಬಾಡಿ ಮಾಡ್ತೀವಿ. ಕಾಸ್ಟಿಂಗ್ ಬೆಳಗಾವಿಯಿಂದ, ಕೊಯಮತ್ತೂರಿಂದ ಬರುತ್ತೆ. ಇಡೀ ಕಂಪನಿ ನಡೆಸೋ ಸಾಫ್ಟ್‌ವೇರ್ (ಇಆರ್‌ಪಿ) ಸ್ಯಾಪ್ ಇಸಿಸಿ.

ಶನಿವಾರ ಸಂಜೆ ಮುಂದಿನ ವಾರದ ಪ್ಲಾನ್ ಪಕ್ಕಾ ಮಾಡಿ ಶಾಪ್‌ಗೆ ಪ್ರಿಂಟ್ ಕೊಡ್ತೀವಿ. ಬುಧವಾರ ನೋಡಿದ್ರೆ ಬೋರ್ಡ್ ಮೇಲೆ ಒಂದಿರುತ್ತೆ, ಸಿಸ್ಟಂನಲ್ಲಿ ಇನ್ನೊಂದಿರುತ್ತೆ. ಎಚ್‌ಎಂಸಿಯಲ್ಲಿ (ಹಾರಿಜಾಂಟಲ್ ಮೆಷಿನಿಂಗ್ ಸೆಂಟರ್) ಪೀಸ್ ಹಿಡಿಯೋ ಫಿಕ್ಸ್ಚರ್ ಬದಲಿಸೋಕೇ ಅರ್ಧ ಶಿಫ್ಟ್ ಬೇಕು. ಆಪರೇಟರ್ ಸೆಟ್ಟಿಂಗ್ ಮುಗಿಸಿ ಮೊದಲ ಪೀಸ್ ಇನ್‌ಸ್ಪೆಕ್ಷನ್‌ಗೆ ಕಳಿಸೋ ಹೊತ್ತಿಗೆ "ಅದು ಬಿಚ್ಚಿ, ಇದು ಹಾಕಿ" ಅಂತ ಹೇಳ್ಬೇಕಾಗುತ್ತೆ. ಅವರ ಮುಖ ನೋಡೋಕಾಗಲ್ಲ.

ಸೇಲ್ಸ್‌ನವರನ್ನ ಕೇಳಿದ್ರೆ ಪ್ಲಾನಿಂಗ್ ಬದಲಿಸಿದ್ದು ಅಂತಾರೆ. ನಾವು ರಾತ್ರಿ ಎಂಆರ್‌ಪಿ ರನ್ (ಏನು, ಎಷ್ಟು, ಯಾವಾಗ ಬೇಕು ಅಂತ ಸಿಸ್ಟಂ ಹಾಕೋ ಲೆಕ್ಕ) ಬದಲಿಸಿದ್ದು ಅಂತೀವಿ. ಐಟಿಯವರು "ಪ್ಲಾನ್ಡ್ ಆರ್ಡರ್‌ಗೆ ಹಿಸ್ಟರಿ ಸಿಗ್ತಿಲ್ಲ" ಅಂತ ಕೈ ಚೆಲ್ತಾರೆ. ಪ್ಲಾನ್ಡ್ ಆರ್ಡರ್ ಅಂದ್ರೆ ಆ ಲೆಕ್ಕ ಸೂಚಿಸೋ, ಇನ್ನೂ ಪ್ರೊಡಕ್ಷನ್ ಆರ್ಡರ್ ಆಗದ ಆರ್ಡರ್. ಮೆಟೀರಿಯಲ್ ಮಾಸ್ಟರ್‌ನಲ್ಲಿ (ಪ್ರತಿ ಐಟಂನ ಮೂಲ ಮಾಹಿತಿ) ಪ್ಲಾನಿಂಗ್ ಟೈಮ್ ಫೆನ್ಸ್, ಅಂದ್ರೆ ಪ್ಲಾನ್ ತಾನಾಗಿ ಬದಲಾಗಬಾರದ ಗಡಿ, 10 ದಿನ ಅಂತ ಹಾಕಿದ್ದೀವಿ, ಆದ್ರೂ ಏನೂ ನಿಲ್ತಿಲ್ಲ. ಎರಡು ಪ್ರಶ್ನೆ: ಫ್ರೀಜ್ ನಿಜವಾಗಿ ಫ್ರೀಜ್ ಆಗಬೇಕಾದ್ರೆ ಏನು ಮಾಡ್ಬೇಕು? ಬದಲಾವಣೆಯ ಜಾಡು ಎಲ್ಲಿ ಸಿಗುತ್ತೆ?

ಜಿಗಣಿ_ಇಆರ್‌ಪಿ:
ಮೊದಲು ಮೆಟೀರಿಯಲ್ ಮಾಸ್ಟರ್‌ನ ಎಂಆರ್‌ಪಿ 1 ವ್ಯೂನಲ್ಲಿ ಎಂಆರ್‌ಪಿ ಟೈಪ್ ಏನಿದೆ ನೋಡಿ ಹೇಳಿ. ಪಿಡಿ ಇದ್ರೆ ಆ 10 ದಿನಕ್ಕೆ ಅರ್ಥವೇ ಇಲ್ಲ.

ದಾಬಸ್‌ಪೇಟೆ_ಟರ್ನಿಂಗ್:
ಗುರು, ಎಕ್ಸೆಲ್‌ನಲ್ಲಿ ಮಾಡಿ. ತಲೆನೋವೇ ಇಲ್ಲ.

ಪೀಣ್ಯ_ಪ್ಲಾನರ್:
@ಜಿಗಣಿ_ಇಆರ್‌ಪಿ ಹೌದು ಸರ್, ಪಿಡಿನೇ ಇದೆ. ಇಂಪ್ಲಿಮೆಂಟೇಶನ್ ಟೀಮ್ ಎಲ್ಲಾ ಐಟಂಗೂ ಪಿಡಿ ಹಾಕಿ ಹೋಗಿದ್ದಾರೆ.

ಜಿಗಣಿ_ಇಆರ್‌ಪಿ:
ಹಂಗಿದ್ರೆ ಕಥೆ ಅಲ್ಲೇ ಇದೆ. ಪಿಡಿಯಲ್ಲಿ ಫರ್ಮಿಂಗ್, ಅಂದ್ರೆ ಗಡಿಯೊಳಗಿನ ಆರ್ಡರನ್ನ ಎಂಆರ್‌ಪಿ ಬದಲಿಸದ ಹಾಗೆ ಗಟ್ಟಿ ಮಾಡೋದು, ಇಲ್ಲ. ಫೆನ್ಸ್‌ನಲ್ಲಿ 10 ಹಾಕಿ, 100 ಹಾಕಿ, ಎಂಆರ್‌ಪಿ ಅದನ್ನ ನೋಡೋದೇ ಇಲ್ಲ. ಪಿ1ರಿಂದ ಪಿ4ರವರೆಗಿನಂಥ, ಫರ್ಮಿಂಗ್ ಇರೋ ಟೈಪ್‌ಗಳಲ್ಲಿ ಮಾತ್ರ ಗಡಿ ಕೆಲಸ ಮಾಡುತ್ತೆ.

ಪಿ1: ಗಡಿಯೊಳಗೆ ಬಂದ ಪ್ಲಾನ್ಡ್ ಆರ್ಡರ್ ತಾನಾಗಿ ಫರ್ಮ್ ಆಗುತ್ತೆ. ಹೊಸ ಕೊರತೆ ಬಿದ್ರೆ ಅದಕ್ಕೆ ಹುಟ್ಟೋ ಆರ್ಡರ್ ಗಡಿಯ ಆಚೆ ಹೋಗಿ ಕೂರುತ್ತೆ. ಪಿ2: ಫರ್ಮ್ ಆಗೋದು ಹಾಗೇ, ಆದ್ರೆ ಗಡಿಯೊಳಗಿನ ಕೊರತೆಗೆ ಸಿಸ್ಟಂ ಆರ್ಡರನ್ನೇ ಹಾಕಲ್ಲ, ಕೊರತೆ ಹಾಗೇ ಕಾಣ್ತಿರುತ್ತೆ. ಪಿ3, ಪಿ4 ಅಂದ್ರೆ ಕ್ರಮವಾಗಿ ಪಿ1, ಪಿ2ರದ್ದೇ ಕೈಯಿಂದ ಫರ್ಮ್ ಮಾಡೋ ರೂಪ. ನಿಮ್ಮಂಥ ಶಾಪ್‌ಗೆ ಪಿ1ರಿಂದ ಶುರು ಮಾಡಿ. ಹಾಕಿದ ಮೇಲೆ ಎಂಡಿ04 (ಸ್ಟಾಕ್, ಬೇಡಿಕೆ ಪಟ್ಟಿ) ತೆರೆದ್ರೆ ಫೆನ್ಸ್ ಮುಗಿಯೋ ದಿನಕ್ಕೆ ಒಂದು ಸಾಲು ಕಾಣಬೇಕು. ಕಾಣದಿದ್ರೆ ಸೆಟ್ಟಿಂಗ್ ಹಿಡಿದಿಲ್ಲ ಅಂತ ಅರ್ಥ.

ಜಾಡು ಸಿಗದೇ ಇರೋದಕ್ಕೆ ಬೇರೆ ಕಾರಣ. ರಾತ್ರಿ ರನ್ ಯಾವ ಪ್ಲಾನಿಂಗ್ ಮೋಡ್‌ನಲ್ಲಿದೆ? 3 ಇದ್ರೆ ಫರ್ಮ್ ಆಗದ ಪ್ರತಿ ಪ್ಲಾನ್ಡ್ ಆರ್ಡರನ್ನೂ ಅಳಿಸಿ ಹೊಸ ನಂಬರ್‌ನಲ್ಲಿ ಹುಟ್ಟಿಸುತ್ತೆ. ನಿನ್ನೆಯ ಆರ್ಡರೇ ಇವತ್ತು ಇಲ್ಲ ಅಂದ್ಮೇಲೆ ಅದರ ಹಿಸ್ಟರಿ ಎಲ್ಲಿಂದ ಬರ್ಬೇಕು? ಮೋಡ್ 1ಕ್ಕೆ ತನ್ನಿ. ಬಿಒಎಂ (ಐಟಂಗೆ ಬೇಕಾದ ಭಾಗಗಳ ಪಟ್ಟಿ) ದೊಡ್ಡದಾಗಿ ಬದಲಾದಾಗ ಮಾತ್ರ ಬೇರೆ ಮೋಡ್.

ಉದ್ಯಮಬಾಗ_ಫೌಂಡ್ರಿ:
ನಾವು ಬೆಳಗಾವ್ಯಾಗ ಎರಕ ಹೊಯ್ಯಾವ್ರು. ನಿಮ್ಮಂಥವ್ರಿಗೇ ಮಾಲು ಕಳಸ್ತೀವಿ, ಅದಕ್ಕ ಈ ಮಾತು ನನಗ ಬಾಳ ಹತ್ತಿರದ್ದು. ನೀವು ಫ್ರೀಜ್ ಅಂತೀರಿ, ಆದ್ರ ನಮಗ ಬರೋ ಶೆಡ್ಯೂಲ್ ಏನು ಹೇಳ್ತದ ಗೊತ್ತದ ಏನ್ರಿ? ಸೋಮವಾರ ಒಂದು, ಗುರುವಾರ ಇನ್ನೊಂದು. ಮೋಲ್ಡಿಂಗ್ ಲೈನ್ ಮ್ಯಾಲೆ ಪ್ಯಾಟರ್ನ್ ಏರಿಸಿ, ಕೋರ್ ಮಾಡಿಟ್ಟು, ಎಸ್‌ಜಿ 500/7 ಐರನ್ ಗ್ರೇಡಿಗೆ ಫರ್ನೇಸ್ ಚಾರ್ಜ್ ಹಾಕಿರ್ತೀವಿ. ಆಗ ಫೋನ್ ಬರ್ತದ, "ಅದು ಬ್ಯಾಡ, ಗ್ರೇ ಐರನ್ ಐಟಂ ಮೊದಲ ಕೊಡ್ರಿ." ಕರಗಿದ ಲೋಹ ತಿರುಗಿ ಸ್ಕ್ರ್ಯಾಪ್ ಯಾರ್ಡಿಗೆ ಹೋಗೂದಿಲ್ರಿ. ಬಿಸಿ ಹಿಡದ್ರ ಕರೆಂಟ್ ಬಿಲ್ ನಮ್ಮ ತಲಿ ಮ್ಯಾಲೆ.

ನನ್ನ ಪ್ರಶ್ನೆ ಇಷ್ಟ. ನಿಮ್ಮ 10 ದಿನದ ಫೆನ್ಸ್ ನಿಮ್ಮ ಗೋಡಿ ಒಳಗ ಮಾತ್ರ ಏನು? ಸಪ್ಲೈಯರ್‌ಗೆ ಕೊಡೋ ಶೆಡ್ಯೂಲಿಂಗ್ ಅಗ್ರಿಮೆಂಟ್‌ನಾಗ ಫರ್ಮ್ ಝೋನ್, ಟ್ರೇಡ್-ಆಫ್ ಝೋನ್ ಅಂತ ಎರಡು ಅದಾವ. ಫರ್ಮ್ ಝೋನ್‌ನಾಗ ರದ್ದು ಮಾಡಿದ್ರ ಮಾಲಿಂದು, ಮಾಡಿದ ಕೆಲಸದ್ದು ಎರಡೂ ಖರ್ಚು ಗಿರಾಕಿ ಕೊಡಬೇಕು. ಟ್ರೇಡ್-ಆಫ್‌ನಾಗ ಕಚ್ಚಾ ಮಾಲಿಂದು ಅಷ್ಟ. ಆ ಎರಡು ಖಾನೆ ಖಾಲಿ ಬಿಟ್ಟ ಅಗ್ರಿಮೆಂಟ್ ನಾನು ಎಷ್ಟು ನೋಡೀನೋ!

ದಾಬಸ್‌ಪೇಟೆ_ಟರ್ನಿಂಗ್:
ಅಣ್ಣ, ಕೇಳೋಕೆ ಚೆನ್ನಾಗಿದೆ. ಆದ್ರೆ ನಮ್ಮಂಥ ಐದಾರು ಸಿಎನ್‌ಸಿ ಇಟ್ಕೊಂಡವರಿಗೆ ಫರ್ಮ್ ಝೋನ್ ಬರೆದುಕೊಡೋ ಗಿರಾಕಿ ಎಲ್ಲಿದ್ದಾನೆ? ಅವನ ಫೋನೇ ನಮ್ಮ ಪ್ಲಾನ್. ಫ್ರೀಜ್ ಆಗಿದೆ ಅಂದ್ರೆ ಪಕ್ಕದ ಶೆಡ್‌ಗೆ ಹೋಗ್ತಾನೆ. ದೊಡ್ಡವರ ನಿಯಮ ಸಣ್ಣವರಿಗೆ ಹೊಂದಲ್ಲ.

ಹೆಬ್ಬಾಳ_ಪಿಪಿಸಿ:
@ದಾಬಸ್‌ಪೇಟೆ_ಟರ್ನಿಂಗ್ ನಾನು ಮೈಸೂರಿನಲ್ಲಿ ಪ್ಲಾನಿಂಗ್ ನೋಡ್ಕೊಳ್ತೀನಿ, ನಮ್ಮದೂ ದೊಡ್ಡ ಕಂಪನಿ ಅಲ್ಲ. ಗಿರಾಕಿಗೆ "ಆಗಲ್ಲ" ಅನ್ನೋಕೆ ಫ್ರೀಜ್ ಅಂತ ನೀವು ಅಂದುಕೊಂಡಿದ್ದೀರಿ. ಎಲ್ಲಾ ಮೆಷಿನ್ ಪೂರ್ತಿ ತುಂಬಿಸಿ ಫ್ರೀಜ್ ಮಾಡಿದ್ರೆ ಅದು ಬುಧವಾರದವರೆಗೂ ಬಾಳಲ್ಲ, ಒಪ್ತೀನಿ. ಒಂದು ಮೆಷಿನ್‌ನ ಒಂದು ಶಿಫ್ಟ್ ಬೇಕಂತಲೇ ಖಾಲಿ ಬಿಡಿ. ಅರ್ಜೆಂಟ್ ಬಂದಿದ್ದೆಲ್ಲ ಅಲ್ಲಿಗೆ. ಉಳಿದ ಮೆಷಿನ್‌ಗಳ ಸೆಟ್ಟಿಂಗ್ ಯಾರೂ ಮುಟ್ಟಬಾರದು. ಬಸ್ಸಲ್ಲಿ ಎರಡು ಸೀಟು ಕೊನೆಯವರೆಗೂ ಕಾಯ್ದಿಟ್ಟ ಹಾಗೆ. ಆ ಖಾಲಿ ಶಿಫ್ಟ್ ನೋಡಿ ಮಾಲೀಕರಿಗೆ ಹೊಟ್ಟೆ ಉರಿಯುತ್ತೆ, ಅದನ್ನ ತಡೆದುಕೊಳ್ಳೋದೇ ಕಷ್ಟದ ಕೆಲಸ.

ದಾಬಸ್‌ಪೇಟೆ_ಟರ್ನಿಂಗ್:
ಖಾಲಿ ಮೆಷಿನ್‌ಗೆ ಇಎಂಐ ಕಟ್ಟೋದು ಯಾರು ಮೇಡಂ?

ಹೆಬ್ಬಾಳ_ಪಿಪಿಸಿ:
ವಾರದಲ್ಲಿ ಅರ್ಧಕ್ಕೆ ಬಿಚ್ಚಿದ ಸೆಟ್ಟಿಂಗ್‌ಗಳ ಗಂಟೆ ಒಂದು ಕಡೆ ಬರೆದಿಡಿ. ಆಮೇಲೆ ಈ ಪ್ರಶ್ನೆ ಮತ್ತೆ ಕೇಳಿ. ಇಎಂಐ ಆಗಲೂ ಕಟ್ತಾ ಇದ್ದೀರಿ, ಗೊತ್ತಾಗ್ತಿಲ್ಲ ಅಷ್ಟೇ.

ಲೆಡ್ಜರ್_ಹುಬ್ಬಳ್ಳಿ:
ಇಷ್ಟೆಲ್ಲ ಚರ್ಚಿ ಯಾಕ್ರೀ? 2023ರ ಏಪ್ರಿಲ್ 1ರಿಂದ ಆಡಿಟ್ ಟ್ರೇಲ್ ಕಡ್ಡಾಯ ಆಗೇದ. ಯಾರು ಏನು ತಿದ್ದಿದ್ರು ಅನ್ನೂದು ಸಾಫ್ಟ್‌ವೇರ್‌ನಾಗ ಇರಲೇಬೇಕು, ಬಂದ್ ಮಾಡಾಕೂ ಬರಂಗಿಲ್ಲ. ಕಾನೂನೇ ನಿಮ್ಮ ಕಡೆ ಅದ.

ಜಯನಗರ_ಸಿಎ:
@ಲೆಡ್ಜರ್_ಹುಬ್ಬಳ್ಳಿ ಅರ್ಧ ಸರಿ. ಆ ನಿಯಮ ಇರೋದು 2014ರ ಕಂಪನಿಗಳ ಲೆಕ್ಕಪತ್ರ ನಿಯಮಗಳ 3(1)ರಲ್ಲಿ. ಕಂಪನಿಗಳು ಲೆಕ್ಕ ಬರೆಯೋಕೆ ಬಳಸೋ ಸಾಫ್ಟ್‌ವೇರ್‌ಗೆ ಅದು ಅನ್ವಯ. ಪ್ರೊಪ್ರೈಟರ್ ಸಂಸ್ಥೆಗೆ, ಪಾಲುದಾರಿಕೆಗೆ ಅನ್ವಯಿಸಲ್ಲ. ಮುಂದಿನ ವಾರದ ಪ್ಲಾನ್ಡ್ ಆರ್ಡರ್ ಲೆಕ್ಕಪುಸ್ತಕ ಅಲ್ಲ. ಅದರ ದಿನಾಂಕ ಬದಲಾದ್ರೆ ಯಾವ ಖಾತೆಗೂ ಎಂಟ್ರಿ ಬೀಳಲ್ಲ. ಪ್ಲಾನ್ ಹಿಸ್ಟರಿ ಬೇಕು ಅಂದ್ರೆ ನಿಮ್ಮ ಅಗತ್ಯಕ್ಕೆ ನೀವೇ ಕಟ್ಟಿಕೊಳ್ಳಬೇಕು, ಆಡಿಟರ್ ಬಂದು ಕೇಳಲ್ಲ.

ಲೆಡ್ಜರ್_ಹುಬ್ಬಳ್ಳಿ:
ಹೌದ್ರಿ, ಲೆಕ್ಕದ ಬುಕ್ಕಿಗೆ ಅಷ್ಟ ಅನ್ನೂದು ಸರಿ. ತಿಳಿಸಿದ್ದಕ್ಕ ಥ್ಯಾಂಕ್ಸ್.

ಔಷಧ_ಕ್ಯೂಎ:
ನಮ್ಮಲ್ಲಿ, ಅಂದ್ರೆ ಫಾರ್ಮಾದಲ್ಲಿ, ಕೇಳೋರು ಇದ್ದಾರೆ! ಅಮೆರಿಕಕ್ಕೆ ಮಾತ್ರೆ ಕಳಿಸೋ ಪ್ಲಾಂಟ್‌ಗೆ 21 ಸಿಎಫ್‌ಆರ್ ಪಾರ್ಟ್ 11 ಅಂತ ನಿಯಮ, 1997ರಿಂದ ಇದೆ. ಬ್ಯಾಚ್ ದಾಖಲೆಯಲ್ಲಿ ಯಾರು, ಯಾವಾಗ, ಹಳೇದು ಏನಿತ್ತು, ಹೊಸದು ಏನಾಯ್ತು ಎಲ್ಲಾ ಉಳೀಬೇಕು. ನಮ್ಮಲ್ಲಿ ಇನ್ನೊಂದು ಖಾನೆ ಸೇರಿಸಿದ್ದೀವಿ: ಯಾಕೆ. ಇಷ್ಟು ವರ್ಷದ ಕೆಲಸದಲ್ಲಿ ನನಗೆ ಅನ್ನಿಸಿದ್ದು, ಮೊದಲ ನಾಲ್ಕನ್ನು ಯಂತ್ರ ಬರೆಯುತ್ತೆ, ಐದನೆಯದನ್ನು ಮನುಷ್ಯನೇ ಬರೀಬೇಕು, ಉಪಯೋಗಕ್ಕೆ ಬರೋದೂ ಅದೇ. "ಯಾಕೆ" ಇಲ್ಲದ ಲಾಗ್ ಜಗಳಕ್ಕೆ ಸಾಕ್ಷಿ ಆಗುತ್ತೆ, ಪ್ಲಾನ್ ಸುಧಾರಿಸಲ್ಲ.

ಇನ್ನೊಂದು, ಎಲ್ಲಾ ಫೀಲ್ಡ್‌ಗೂ ಲಾಗ್ ಹಚ್ಚಬೇಡಿ. ಯಾರೂ ಓದದೇ ಇರೋ ಲಕ್ಷ ಸಾಲು ಸೇರುತ್ತೆ. ನಿಮಗೆ ಪ್ರಮಾಣ, ದಿನಾಂಕ, ಮೆಷಿನ್, ಡ್ರಾಯಿಂಗ್ ರಿವಿಷನ್ ಸಾಕು.

ಪೀಣ್ಯ_ಪ್ಲಾನರ್:
ತುಂಬಾ ಉಪಯೋಗ ಆಗ್ತಿದೆ. ಈಗಿರೋ ಡೇಟಾದಲ್ಲೇ ಹಿಂದಿನ ಬದಲಾವಣೆ ಹುಡುಕೋಕೆ ಏನಾದ್ರೂ ದಾರಿ ಇದ್ಯಾ?

ಜಿಗಣಿ_ಇಆರ್‌ಪಿ:
ಇದೆ. ಪ್ಲಾನ್‌ನಲ್ಲಿ ಹುಡುಕಬೇಡಿ, ಪ್ಲಾನ್ ಕುಣಿಯೋಕೆ ಕಾರಣ ಆಗಿದ್ರಲ್ಲಿ ಹುಡುಕಿ. ಸೇಲ್ಸ್ ಆರ್ಡರ್ ಬದಲಾವಣೆ ಚೆನ್ನಾಗಿ ದಾಖಲಾಗುತ್ತೆ. ಸೇಲ್ಸ್ ಆರ್ಡರ್ ನೋಡೋ ವಿಎ03 ತೆರೆದು ಎನ್ವಿರಾನ್‌ಮೆಂಟ್ ಮೆನುವಿನಲ್ಲಿ ಚೇಂಜಸ್ ನೋಡಿ: ಯಾವ ಯೂಸರ್, ಎಷ್ಟು ಗಂಟೆಗೆ, ಯಾವ ಪ್ರಮಾಣ ಎಷ್ಟಾಯ್ತು, ಎಲ್ಲಾ ಇರುತ್ತೆ. ಲಾಟ್ ಸೈಜ್ (ಒಂದು ಸಲದ ಆರ್ಡರ್ ಪ್ರಮಾಣ), ಲೀಡ್ ಟೈಮ್ (ಮಾಲು ಸಿಗೋಕೆ ಹಿಡಿಯೋ ಸಮಯ) ಥರದ ಮೆಟೀರಿಯಲ್ ಮಾಸ್ಟರ್ ಬದಲಾವಣೆಗೆ ಸಿಡಿಎಚ್‌ಡಿಆರ್, ಸಿಡಿಪಿಒಎಸ್ ಟೇಬಲ್. ಪ್ರೊಡಕ್ಷನ್ ಆರ್ಡರ್ ಸ್ಟೇಟಸ್ ಯಾವಾಗ ಬದಲಾಯ್ತು ಅನ್ನೋಕೆ ಜೆಸಿಡಿಎಸ್. ಫೋರ್ಕಾಸ್ಟ್, ಅಂದ್ರೆ ಪಿಐಆರ್ ಹಿಸ್ಟರಿಗೆ ಪಿಬಿಎಚ್‌ಐ. ಇಷ್ಟು ಒಟ್ಟು ಹಾಕಿದ್ರೆ ಮಂಗಳವಾರ ರಾತ್ರಿ ಏನಾಯ್ತು ಅಂತ ಮುಕ್ಕಾಲು ಪಾಲು ಗೊತ್ತಾಗುತ್ತೆ.

ಸುರತ್ಕಲ್_ಪ್ರೊಸೆಸ್:
ಮಾರಾಯ್ರೇ, ಅಷ್ಟೆಲ್ಲ ಯಾಕೆ, ಶನಿವಾರವೇ ಎಲ್ಲಾ ಪ್ಲಾನ್ಡ್ ಆರ್ಡರ್ ಪ್ರೊಡಕ್ಷನ್ ಆರ್ಡರ್ ಮಾಡಿಬಿಟ್ರೆ ಆಯ್ತಲ್ಲ? ಆಮೇಲೆ ಎಂಆರ್‌ಪಿ ಅದರ ಡೇಟನ್ನು ಮುಟ್ಟುವುದಿಲ್ಲ, ಬರೀ ಸಂದೇಶ ಕೊಡ್ತದೆ.

ಜಿಗಣಿ_ಇಆರ್‌ಪಿ:
ಮುಟ್ಟಲ್ಲ, ನಿಜ. ಆದ್ರೆ ಕನ್ವರ್ಟ್ ಆದ ಕ್ಷಣಕ್ಕೆ ಬಿಒಎಂ, ರೂಟಿಂಗ್ (ಕೆಲಸದ ಹಂತಗಳು) ಕಾಪಿ ಆಗಿ ಆರ್ಡರ್ ಒಳಗೆ ಕೂರುತ್ತೆ. ಡ್ರಾಯಿಂಗ್ ರಿವಿಷನ್ ಸೋಮವಾರ ಬಂದ್ರೆ ಹಳೇ ರಿವಿಷನ್‌ನಲ್ಲೇ ಪೀಸ್ ಮೆಷಿನ್ ಆಗುತ್ತೆ. ಆರ್ಡರ್ ಬರೀ ಕ್ರಿಯೇಟ್ ಆಗಿದ್ರೆ ಮಾಸ್ಟರ್ ಡೇಟಾ ಮತ್ತೆ ಓದಿಸಬಹುದು, ರಿಲೀಸ್ ಆದ ಮೇಲೆ ಕಷ್ಟ. ಎರಡು ಮೂರು ದಿನದ್ದು ಕನ್ವರ್ಟ್ ಮಾಡಿ, ಉಳಿದಿದ್ದು ಫರ್ಮ್ ಆದ ಪ್ಲಾನ್ಡ್ ಆರ್ಡರಾಗೇ ಇರಲಿ.

ಸುರತ್ಕಲ್_ಪ್ರೊಸೆಸ್:
ಅದು ಹೌದು. ಹಾಂ, ಫೆನ್ಸಿನ ದಿನ ಲೆಕ್ಕ ಆಗುವುದು ಕೆಲಸದ ದಿನದಲ್ಲಿ. ಫ್ಯಾಕ್ಟರಿ ಕ್ಯಾಲೆಂಡರ್ ಸರಿ ಉಂಟಾ ನೋಡಿ. ಆಯುಧ ಪೂಜೆ, ವಿಜಯದಶಮಿ, ರಾಜ್ಯೋತ್ಸವ ಎಲ್ಲ ಕೆಲಸದ ದಿನ ಅಂತ ಬಿಟ್ಟ ಕ್ಯಾಲೆಂಡರ್ ನಾನು ನೋಡಿದ್ದೇನೆ. ಮೆಷಿನಿಗೆ ಕುಂಕುಮ ಹಚ್ಚಿ ಕುಂಬಳಕಾಯಿ ಒಡೆಯುವ ದಿನ ಸಿಸ್ಟಮ್ ಮೂರು ಶಿಫ್ಟ್ ಲೋಡ್ ತೋರಿಸ್ತದೆ.

ಉದ್ಯಮಬಾಗ_ಫೌಂಡ್ರಿ:
ದೀಪಾವಳಿ ಮುಗದ ಮ್ಯಾಲೆ ನಮ್ಮ ಹುಡುಗರು ಊರಿಂದ ತಿರುಗಿ ಬರೂದು ಯಾವ ಕ್ಯಾಲೆಂಡರ್‌ನಾಗೂ ಇಲ್ರಿ. ಅದಕ್ಕ ಬ್ಯಾರೆ ಲೆಕ್ಕ ಇಟ್ಕೋಬೇಕು.

ಒರಾಕಲ್_ಬನಶಂಕರಿ:
ಒಂದು ತಿದ್ದುಪಡಿ. ಇಲ್ಲಿ ಫೆನ್ಸ್ ಅಂದ್ರೆ ಒಂದೇ ಅನ್ನೋ ಹಾಗೆ ಮಾತಾಡ್ತಿದ್ದೀರಿ, ಎರಡಿವೆ. ಡಿಮ್ಯಾಂಡ್ ಟೈಮ್ ಫೆನ್ಸ್ ಒಳಗೆ ಫೋರ್ಕಾಸ್ಟ್ ಲೆಕ್ಕಕ್ಕಿಲ್ಲ, ಕೈಯಲ್ಲಿರೋ ಗಿರಾಕಿ ಆರ್ಡರ್ ಮಾತ್ರ. ಪ್ಲಾನಿಂಗ್ ಟೈಮ್ ಫೆನ್ಸ್ ಅದಕ್ಕಿಂತ ದೂರ ಇರುತ್ತೆ. ಮೊದಲನೆಯದರ ಒಳಗೆ ಗಟ್ಟಿ ಫ್ರೀಜ್. ಎರಡರ ನಡುವೆ ಪ್ಲಾನರ್ ಕೈಯಿಂದ ಬದಲಿಸಬಹುದು, ಸಿಸ್ಟಂ ತಾನಾಗಿ ಬದಲಿಸಬಾರದು. ಅದರಾಚೆ ಸಿಸ್ಟಂಗೆ ಬಿಡಿ. ಎಲ್ಲಾ ಜಗಳ ಶುರುವಾಗೋದು ಒಂದೇ ಗಡಿ ಎಳೆದು ಅದರ ಒಳಗಿನದ್ದೆಲ್ಲ ಕಲ್ಲು ಅನ್ನೋದ್ರಿಂದ.

10 ದಿನ ಅನ್ನೋ ಸಂಖ್ಯೆ ಎಲ್ಲಿಂದ ಬಂತು ಅಂತಲೂ ಕೇಳ್ಬೇಕು. ಕಾಸ್ಟಿಂಗ್ ಬರೋ ಸಮಯ, ಮೆಷಿನಿಂಗ್, ಪೇಂಟ್, ಪ್ಯಾಕಿಂಗ್ ಎಲ್ಲ ಕೂಡಿಸಿದ್ರೆ 10 ದಿನದಲ್ಲಿ ಮುಗಿಯುತ್ತಾ? ಪ್ಲಾನಿಂಗ್ ಫೆನ್ಸ್ ಕನಿಷ್ಠ ಆ ಒಟ್ಟು ಲೀಡ್ ಟೈಮ್‌ನಷ್ಟಾದ್ರೂ ಇರ್ಬೇಕು ಅನ್ನೋದು ಸಾಮಾನ್ಯ ರೂಢಿ.

ಹೆಬ್ಬಾಳ_ಪಿಪಿಸಿ:
ಲೀಡ್ ಟೈಮ್ ಪೂರ್ತಿ ಫ್ರೀಜ್ ಮಾಡ್ತೀವಿ ಅಂದ್ರೆ ಸೇಲ್ಸ್‌ನವರು ಬಾಗಿಲು ಮುರಿದು ಬರ್ತಾರೆ. ನಾನು ಬೇರೆ ಥರ ಯೋಚಿಸ್ತೀನಿ. ಹಿಂದಕ್ಕೆ ಹೋಗೋಕಾಗದ ಕೆಲಸ ಎಲ್ಲಿ ಶುರುವಾಗುತ್ತೆ? ಬೆಳಗಾವಿಯವರು ಹೇಳಿದ ಹಾಗೆ ಎರಕ ಹೊಯ್ದ ಮೇಲೆ ವಾಪಸ್ ಇಲ್ಲ, ಫಿಕ್ಸ್ಚರ್ ಕಟ್ಟಿದ ಮೇಲೆ ವಾಪಸ್ ಇಲ್ಲ. ಆ ಜಾಗಗಳಲ್ಲಿ ಗಟ್ಟಿ ಗಡಿ ಹಾಕಿ, ನಡುವೆ ಸಡಿಲ ಬಿಡಿ.

ಕಬ್ಬನ್‌ಪೇಟೆ_ವಿದ್ಯಾರ್ಥಿ:
ನಾನು ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಓದ್ತಿದ್ದೀನಿ. ಗಿರಾಕಿ ಒಂದು ಆರ್ಡರ್ ಸ್ವಲ್ಪ ಸರಿಸಿದ್ರೆ ಕೆಳಗೆ ಇಷ್ಟೊಂದು ಯಾಕೆ ಅಲ್ಲಾಡುತ್ತೆ?

ಒರಾಕಲ್_ಬನಶಂಕರಿ:
ಒಳ್ಳೇ ಪ್ರಶ್ನೆ. ಒಂದು ಉದಾಹರಣೆ ತಗೊಳ್ಳಿ. ಕಾಸ್ಟಿಂಗ್‌ಗೆ ವಾರದ ಲಾಟ್, ಅಂದ್ರೆ ವಾರದ ಬೇಡಿಕೆ ಎಲ್ಲಾ ಸೇರಿ ವಾರದ ಮೊದಲ ದಿನಕ್ಕೆ ಬೇಕು ಅಂತ ಒಂದೇ ಆರ್ಡರ್. ಗಿರಾಕಿ 40 ಪೀಸ್‌ನ ಮುಂದಿನ ಸೋಮವಾರದಿಂದ ಈ ಶುಕ್ರವಾರಕ್ಕೆ ಎಳೆದ. ಅವನ ಪ್ರಕಾರ ಸರಿದಿದ್ದು ಒಂದು ವೀಕೆಂಡ್. ಲೆಕ್ಕದಲ್ಲಿ ಆ 40 ಈ ವಾರದ ಲಾಟ್‌ಗೆ ಸೇರಿ ಈ ಸೋಮವಾರಕ್ಕೇ ಬೇಕು ಅಂತಾಯ್ತು, ಅಂದ್ರೆ ಪೂರ್ತಿ ಒಂದು ವಾರ ಮುಂಚೆ. ಕಚ್ಚಾ ಮಾಲಿನ ಆರ್ಡರ್ ಶುರುವಾಗಬೇಕಿದ್ದ ದಿನ ಕಳೆದೇ ಹೋಗಿರುತ್ತೆ. ಬಿಒಎಂ ನಾಲ್ಕು ಹಂತ ಆಳ ಇದ್ರೆ ಪ್ರತಿ ಹಂತದಲ್ಲೂ ಇದೇ. ಇದನ್ನ ಎಂಆರ್‌ಪಿ ನರ್ವಸ್‌ನೆಸ್ ಅಂತಾರೆ, 1970ರ ದಶಕದಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಫೆನ್ಸ್ ಅದಕ್ಕೆ ಒಂದು ಮದ್ದು, ಲಾಟ್ ಸೈಜ್ ಸಣ್ಣದು ಮಾಡೋದು ಇನ್ನೊಂದು.

ಸೇಲ್ಸ್_ಹೊಸೂರು_ರೋಡ್:
ಇಷ್ಟು ಹೊತ್ತು ಸುಮ್ಮನೆ ಓದ್ತಿದ್ದೆ. ಎಲ್ಲರೂ ಸೇಲ್ಸ್‌ನವರನ್ನೇ ಕಳ್ಳ ಅನ್ನೋ ಥರ ಬರೀತಿದ್ದೀರಿ, ಬೇಜಾರಾಗುತ್ತೆ. ಗಿರಾಕಿಯ ಲೈನ್ ನಿಲ್ಲೋ ಹಂತಕ್ಕೆ ಬಂದಾಗ ರಾತ್ರಿ 11ಕ್ಕೆ ಫೋನ್ ಬರೋದು ನನಗೆ. ಲೈನ್ ನಿಂತ್ರೆ ಡೆಬಿಟ್ ನೋಟ್ ಬರೋದು ನಮ್ಮ ಕಂಪನಿಗೆ. ಶನಿವಾರದ ಮೀಟಿಂಗ್‌ಗೆ ನಮ್ಮನ್ನ ಯಾರಾದ್ರೂ ಕರೀತಾರಾ? ನಮಗೆ ಗೊತ್ತಿಲ್ಲದ ಗಡಿಯನ್ನ ನಾವು ಹೇಗೆ ಕಾಯೋದು?

ಹೆಬ್ಬಾಳ_ಪಿಪಿಸಿ:
ಈ ಮಾತು ನೂರಕ್ಕೆ ನೂರು ಸರಿ. ಸೇಲ್ಸ್ ಸಹಿ ಹಾಕದ ಫ್ರೀಜ್ ಫ್ರೀಜೇ ಅಲ್ಲ. ನಮ್ಮಲ್ಲಿ ಹೀಗೆ ಮಾಡ್ತೀವಿ. ಶನಿವಾರ ಮಧ್ಯಾಹ್ನ ಸೇಲ್ಸ್, ಪ್ಲಾನಿಂಗ್, ಶಾಪ್, ಪರ್ಚೇಸ್ ನಾಲ್ಕೂ ಕಡೆಯವರು ಕೂರ್ತಾರೆ. ಒಪ್ಪಿದ ಮೇಲೆ ಆ ವಾರದ ಪಟ್ಟಿಯನ್ನ ಬೇರೆ ಟೇಬಲ್‌ಗೆ ಕಾಪಿ ಮಾಡಿ ಲಾಕ್ ಮಾಡ್ತೀವಿ. ಆ ಕಾಪಿ ಯಾರೂ ಮುಟ್ಟೋ ಹಾಗಿಲ್ಲ, ನಾನೂ ಸೇರಿ. ಲೈವ್ ಪ್ಲಾನ್ ಏನೇ ಆಗಲಿ, ಹೋಲಿಸೋದು ಆ ಕಾಪಿ ಜೊತೆ. ಪ್ರತಿ ತಿದ್ದುಪಡಿಗೂ ಲಾಗ್ ಹುಡುಕೋದಕ್ಕಿಂತ ಇದು ಎಷ್ಟೋ ಹಗುರ.

ಗಡಿಯೊಳಗೆ ಬದಲಾವಣೆ ಬೇಕು ಅಂದ್ರೆ ಒಂದು ಸಾಲಿನ ಅರ್ಜಿ: ಏನು ಒಳಗೆ ಬರಬೇಕು, ಅದಕ್ಕೆ ಬದಲಾಗಿ ಏನು ಹೊರಗೆ ಹೋಗಬೇಕು, ಕಾರಣ ಯಾವುದು. "ಏನು ಹೊರಗೆ" ಅನ್ನೋದನ್ನ ಕೇಳೋ ಊರಲ್ಲಿ ಅರ್ಜೆಂಟ್‌ಗಳು ತಾವಾಗೇ ಕಮ್ಮಿ ಆಗ್ತವೆ. ಕಾರಣದ ಪಟ್ಟಿ ಚಿಕ್ಕದು: ಗಿರಾಕಿ, ಮಾಲು ಬಂದಿಲ್ಲ, ಮೆಷಿನ್ ಕೆಟ್ಟಿದೆ, ಕ್ವಾಲಿಟಿ, ಜನ ಇಲ್ಲ, ಡ್ರಾಯಿಂಗ್ ಬದಲಾವಣೆ. "ಇತರೆ" ಇಲ್ಲ.

ಔಷಧ_ಕ್ಯೂಎ:
"ಇತರೆ" ತೆಗೆದಿದ್ದನ್ನ ನಾನು ಒಪ್ಪಲ್ಲ. ಆ ಖಾನೆ ಇಲ್ಲದಿದ್ರೆ ಜನ ಸುಳ್ಳು ಕಾರಣ ಒತ್ತುತ್ತಾರೆ, ಡೇಟಾ ಕೆಡುತ್ತೆ. "ಇತರೆ" ಇಟ್ಟು ಪಕ್ಕದಲ್ಲಿ ಬರೆಯೋದು ಕಡ್ಡಾಯ ಮಾಡಿ.

ಹೆಬ್ಬಾಳ_ಪಿಪಿಸಿ:
ಇಟ್ಟು ನೋಡಿದ್ದೆವು. ಎಲ್ಲರೂ ಅದನ್ನೇ ಒತ್ತಿ ಒಂದು ಚುಕ್ಕಿ ಟೈಪ್ ಮಾಡ್ತಿದ್ರು. ನಿಮ್ಮ ಪ್ಲಾಂಟ್‌ನ ಶಿಸ್ತು ಎಲ್ಲಾ ಕಡೆ ಇರಲ್ಲ.

ಔಷಧ_ಕ್ಯೂಎ:
ಆ ಚುಕ್ಕಿಯೂ ಒಂದು ಮಾಹಿತಿನೇ. ಒತ್ತಿದವರು ಯಾರು ಅಂತ ಗೊತ್ತಾಗುತ್ತಲ್ಲ.

ತುಮಕೂರು_ಓಪನ್‌ಸೋರ್ಸ್:
ಸ್ಯಾಪ್ ಇಲ್ಲದವರಿಗೆ ಹೇಳ್ತೀನಿ. ನಾವು ಇಆರ್‌ಪಿನೆಕ್ಸ್ಟ್ ಬಳಸ್ತೀವಿ. ಡಾಕ್‌ಟೈಪ್‌ನಲ್ಲಿ (ದಾಖಲೆಯ ನಮೂನೆ) ಟ್ರ್ಯಾಕ್ ಚೇಂಜಸ್ ಟಿಕ್ ಮಾಡಿದ್ರೆ ಯಾವ ಫೀಲ್ಡ್ ಏನಿಂದ ಏನಾಯ್ತು ಅಂತ ವರ್ಷನ್‌ನಲ್ಲಿ ಉಳಿಯುತ್ತೆ. ಸಬ್ಮಿಟ್ ಆದ ದಾಖಲೆಯನ್ನ ದೊಡ್ಡದಾಗಿ ಬದಲಿಸಬೇಕಾದ್ರೆ ಕ್ಯಾನ್ಸಲ್ ಮಾಡಿ ಅಮೆಂಡ್ ಮಾಡ್ಬೇಕು, ಹಳೇದರ ನಂಬರ್ ಕೊನೆಗೆ -1 ಸೇರಿ ಹೊಸದು ಬರುತ್ತೆ. ಫ್ರೀಜ್‌ಗೆ ನಾವೇ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದುಕೊಂಡೆವು: ವರ್ಕ್ ಆರ್ಡರ್ ಶುರುವಿನ ದಿನ ಗಡಿಯೊಳಗಿದ್ದು, ಸೇವ್ ಮಾಡೋರಿಗೆ ಪ್ಲಾನಿಂಗ್ ಹೆಡ್ ರೋಲ್ ಇಲ್ಲದಿದ್ರೆ ತಡೆಯುತ್ತೆ.

@ದಾಬಸ್‌ಪೇಟೆ_ಟರ್ನಿಂಗ್ ಗೂಗಲ್ ಶೀಟ್‌ನಲ್ಲಿದ್ರೂ ಪರವಾಗಿಲ್ಲ. ಸೆಲ್ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಎಡಿಟ್ ಹಿಸ್ಟರಿ ಸಿಗುತ್ತೆ. ಆದ್ರೆ ಎಲ್ಲರೂ ಒಂದೇ ಲಾಗಿನ್‌ನಲ್ಲಿ ತೆರೆದ್ರೆ ಯಾವ ಸಾಫ್ಟ್‌ವೇರೂ ಹೆಸರು ಹೇಳಲ್ಲ.

ದಾಬಸ್‌ಪೇಟೆ_ಟರ್ನಿಂಗ್:
ಸರಿ, ಇದು ಮಾಡಬಹುದು. ಒಂದು ಮೆಷಿನ್‌ಗೆ ಹಾಕಿ ನೋಡ್ತೀನಿ.

ಪೀಣ್ಯ_ಪ್ಲಾನರ್:
ಪಿ1ಕ್ಕೆ ಬದಲಿಸೋಕೆ ಐಟಿಯವರ ಜೊತೆ ಮಾತಾಡಿದೆ, ಎಂಎಂ17ನಲ್ಲಿ ಒಟ್ಟಿಗೆ ಮಾಡಬಹುದಂತೆ. ಸಾವಿರಾರು ಐಟಂ ಇವೆ. ಎಲ್ಲಾದಕ್ಕೂ ಒಂದೇ ಸಲ ಮಾಡ್ಲಾ?

ಜಿಗಣಿ_ಇಆರ್‌ಪಿ:
ಖಂಡಿತ ಬೇಡ. ಎಚ್‌ಎಂಸಿ ಮೇಲೆ ಓಡೋ ಐಟಂಗಳಿಗೆ ಮಾತ್ರ ಮೊದಲು ಮಾಡಿ. ನಟ್ಟು, ಬೋಲ್ಟು, ಇನ್ಸರ್ಟ್‌ಗೆ ಫೆನ್ಸ್ ಬೇಕಾಗಿಲ್ಲ. ಗಡಿಯೊಳಗೆ ಸಿಸ್ಟಂ ಕೈ ಕಟ್ಟಿ ಕೂತ ಮೇಲೆ ಅದು ನಿಮಗೆ ಮಾತಲ್ಲಿ ಹೇಳೋಕೆ ಶುರು ಮಾಡುತ್ತೆ: ಸಂದೇಶ 10 ಬಂದ್ರೆ ಮುಂಚೆ ತನ್ನಿ, 15 ಬಂದ್ರೆ ಮುಂದೂಡಿ, 20 ಬಂದ್ರೆ ರದ್ದು ಮಾಡಿ ಅಂತ. ಎಂಡಿ06ನಲ್ಲಿ ಬೆಳಿಗ್ಗೆ ಅವನ್ನ ಓದೋಕೆ ಒಬ್ಬರು ಬೇಕೇ ಬೇಕು. ಎಲ್ಲಾ ಐಟಂಗೂ ಒಟ್ಟಿಗೆ ಹಾಕಿದ್ರೆ ಸಂದೇಶಗಳ ರಾಶಿ ಬಿದ್ದು ಎರಡನೇ ವಾರಕ್ಕೆ ಓದೋದೇ ಬಿಡ್ತೀರಿ. ಹಾಗಾದಾಗ ರದ್ದಾದ ಆರ್ಡರ್‌ಗೂ ಮಾಲು ಮಾಡಿ ಗೋದಾಮು ತುಂಬಿಸ್ತೀರಿ.

ಸೇಲ್ಸ್‌ನವರು ಆರ್ಡರ್ ಬದಲಿಸೋ ವಿಎ02ರಲ್ಲಿ ಗಡಿಯೊಳಗಿನ ದಿನಾಂಕಕ್ಕೆ ಎಚ್ಚರಿಕೆ ಬರೋ ಹಾಗೆ ಯೂಸರ್ ಎಕ್ಸಿಟ್ (ಸ್ಯಾಪ್ ಒಳಗೆ ಸೇರಿಸೋ ನಮ್ಮದೇ ಕೋಡ್) ಬರೆಸಿ. ತಡೆಯೋದು ಬೇಡ, ಎಚ್ಚರಿಕೆ ಸಾಕು.

ಸೇಲ್ಸ್_ಹೊಸೂರು_ರೋಡ್:
ಎಚ್ಚರಿಕೆ ಬರೋ ಜಾಗದಲ್ಲೇ ಮುಂದಿನ ಖಾಲಿ ದಿನ ಯಾವುದು ಅಂತಲೂ ತೋರಿಸಿ. ಗಿರಾಕಿ ಲೈನ್‌ನಲ್ಲಿರುವಾಗ ನಮಗೆ ಬೇಕಿರೋದು ಆ ಒಂದು ತಾರೀಖು.

ಉದ್ಯಮಬಾಗ_ಫೌಂಡ್ರಿ:
ಆ ತಾರೀಖು ಬದಲಾದ್ರ ನಮಗೂ ಅದೇ ದಿನ ಹೇಳ್ರಿ, ಶುಕ್ರವಾರದ ಮೇಲ್‌ನಾಗ ಅಲ್ಲ. ಮುಂಜಾನಿ ಏಳಕ್ಕ ಚಾರ್ಜ್ ಹಾಕ್ತೀವಿ, ಹಿಂದಿನ ದಿನ ಸಂಜಿ ತನಕ ತಿಳಿದ್ರ ಪ್ಯಾಟರ್ನ್ ಬದಲಿ ಮಾಡಾಕ ಬರ್ತದ.

ಪೀಣ್ಯ_ಪ್ಲಾನರ್:
ಎಚ್‌ಎಂಸಿ ಐಟಂಗಳ ಪಟ್ಟಿ ಇವತ್ತೇ ತೆಗೀತಿದ್ದೀನಿ. @ಹೆಬ್ಬಾಳ_ಪಿಪಿಸಿ ಮೇಡಂ, ಶನಿವಾರದ ಕಾಪಿ ಟೇಬಲ್‌ನಲ್ಲಿ ಯಾವ ಯಾವ ಕಾಲಂ ಇಟ್ಟಿದ್ದೀರಿ?

ಹೆಬ್ಬಾಳ_ಪಿಪಿಸಿ:
ವಾರದ ನಂಬರ್, ಪಾರ್ಟ್ ನಂಬರ್, ರಿವಿಷನ್, ಮೆಷಿನ್, ಪ್ರಮಾಣ, ಶುರು ದಿನ, ಮುಗಿಯೋ ದಿನ, ಸೇಲ್ಸ್ ಆರ್ಡರ್ ನಂಬರ್. ಪ್ಲಾನ್ಡ್ ಆರ್ಡರ್ ನಂಬರ್ ಇಟ್ಟು ಹೋಲಿಸೋಕೆ ಹೋಗಬೇಡಿ, ಕನ್ವರ್ಟ್ ಆದ ಮೇಲೆ ಅದು ಸಿಗಲ್ಲ. ಪಾರ್ಟ್, ಮೆಷಿನ್, ವಾರ ಈ ಮೂರರಿಂದ ಹೋಲಿಸಿ.